ನಡುವಿನಿಂದಲೋ ಅಂಚಿನಿಂದಲೋ: ರಾಜಕಾಲುವೆಯ ಬಫರ್ ಮತ್ತು ಮೊದಲೇ ಇದ್ದ ಮನೆಗಳು

2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆ ಮತ್ತು ರಾಜಕಾಲುವೆಗಳ ಸುತ್ತ ಕಟ್ಟಡ ನಿಷೇಧದ ಗೆರೆಯನ್ನು ಹೊಸದಾಗಿ ಎಳೆಯಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಗೆರೆಯನ್ನು ಅಳಿಸಿತು. ನಡುವೆ ಕಳೆದದ್ದು 2 ವರ್ಷ 10 ತಿಂಗಳು. ಈ ಅವಧಿಯ ಬಗ್ಗೆ ಪರಿಸರದ ಗೆಲುವು, ಬಿಲ್ಡರ್‌ಗಳ ಸೋಲು, ಆಮೇಲೆ ಅದರ ತಿರುವುಮುರುವು ಎಂದು ಬೇಕಾದಷ್ಟು ಬರೆದಾಗಿದೆ. ಕಾಲುವೆಯ ಪಕ್ಕದಲ್ಲಿ ಅದಾಗಲೇ ಮನೆ ಕಟ್ಟಿಕೊಂಡಿದ್ದವರು, ನಿವೇಶನ ಕೊಂಡು ಸಾಲದ ಕಂತು ಕಟ್ಟುತ್ತಿದ್ದವರು ಈ ಎಳೆದಾಟದಲ್ಲಿ ಎಲ್ಲಿದ್ದರು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಈ ಅಧ್ಯಯನ ಅವರ ಕುರಿತದ್ದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುವಂತೆ ಹಿಂದಿನವರು ಕಾಲುವೆಗಳನ್ನು ಮಾಡಿದ್ದರು, ಇವೇ ರಾಜಕಾಲುವೆಗಳು. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳ ಉದ್ದಕ್ಕೂ ಇವು ಹರಡಿವೆ. ಹೊಲಗದ್ದೆ ಇದ್ದಾಗ ಕಾಲುವೆ ಉಕ್ಕಿದರೆ ಎರಡು ದಿನ ಬೆಳೆಯಲ್ಲಿ ನೀರು ನಿಲ್ಲುತ್ತಿತ್ತು. ಹೊಲ ಬಡಾವಣೆಯಾದ ಮೇಲೆ ಅದೇ ನೀರು ನಡುಮನೆಗೆ ಬಂತು. ಬಫರ್, ಅಂದರೆ ಕಾಲುವೆಯ ಪಕ್ಕ ಕಟ್ಟಡವಿಲ್ಲದೆ ಬಿಡುವ ಪಟ್ಟಿ, ಬೇಕು ಎಂಬ ವಾದದ ಗಟ್ಟಿತನ ಇಷ್ಟರಲ್ಲೇ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ.

ಎರಡು ಅಳತೆಗಳು

2007ರಲ್ಲಿ ಸರ್ಕಾರ ಅನುಮೋದಿಸಿದ ಪರಿಷ್ಕೃತ ಮಹಾಯೋಜನೆ 2015ರ (ಬೆಂಗಳೂರಿನ ಮಾಸ್ಟರ್ ಪ್ಲಾನ್) ವಲಯ ನಿಯಮಾವಳಿ ಕೆರೆಗೆ 30 ಮೀಟರ್, ದೊಡ್ಡದಾದ ಪ್ರಾಥಮಿಕ ಕಾಲುವೆಗೆ 50, ಅದಕ್ಕಿಂತ ಸಣ್ಣ ದ್ವಿತೀಯ ಕಾಲುವೆಗೆ 25, ಇನ್ನೂ ಸಣ್ಣ ತೃತೀಯ ಕಾಲುವೆಗೆ 15 ಮೀಟರ್ ಬಫರ್ ಇಟ್ಟಿತ್ತು. ಕಾಲುವೆಯ ವಿಷಯದಲ್ಲಿ ಈ ಅಳತೆ ಶುರುವಾಗುವುದು ಕಾಲುವೆಯ ನಡುಭಾಗದಿಂದ. ಬಫರ್‌ನೊಳಗೆ ರಸ್ತೆ, ಕಾಲುದಾರಿ, ಮೋರಿ, ಸೇತುವೆ, ನೀರು ಅಥವಾ ಒಳಚರಂಡಿ ಶುದ್ಧೀಕರಣ ಘಟಕದಂಥವನ್ನು ಬಿಟ್ಟು ಬೇರೇನನ್ನೂ ಕಟ್ಟುವಂತಿಲ್ಲ.

ಹಸಿರು ನ್ಯಾಯಮಂಡಳಿಯ ಮುಂದೆ 2014ರಲ್ಲಿ ಬಂದ ಪ್ರಕರಣ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ಪ್ರದೇಶದಲ್ಲಿ ಎರಡು ಕಂಪನಿಗಳು ಕೈಗೊಂಡಿದ್ದ ಭಾರಿ ಯೋಜನೆಗಳ ಕುರಿತದ್ದು. ಫಾರ್ವರ್ಡ್ ಫೌಂಡೇಶನ್ ಮತ್ತಿತರರು ಅರ್ಜಿದಾರರು. ಮಂತ್ರಿ ಟೆಕ್‌ಜೋನ್ ಮತ್ತು ಕೋರ್ ಮೈಂಡ್ ಎದುರಾಳಿಗಳು. ಆ ಕಂಪನಿಗಳ ಮೇಲೆ ಪರಿಸರ ಪರಿಹಾರ ಹೇರುವುದರ ಜೊತೆಗೆ ನ್ಯಾಯಮಂಡಳಿ ಇಡೀ ನಗರಕ್ಕೆ ಅನ್ವಯಿಸುವ ಒಂದು ಷರತ್ತನ್ನೂ ಸೇರಿಸಿತು: ಕೆರೆಯ ಅಂಚಿನಿಂದ 75 ಮೀಟರ್, ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 35, ತೃತೀಯಕ್ಕೆ 25. ಈ ಸಲ ಕಾಲುವೆಯನ್ನೂ ಅಂಚಿನಿಂದಲೇ ಅಳೆಯಬೇಕು.

ಪತ್ರಿಕೆಗಳು 25 ಇದ್ದದ್ದು 35 ಆಯಿತು, 15 ಇದ್ದದ್ದು 25 ಆಯಿತು ಎಂದು ಬರೆದವು. ಪ್ರಾಥಮಿಕ ಕಾಲುವೆಯ ಅಂಕಿ ಬದಲಾಗಲೇ ಇಲ್ಲವಾದ್ದರಿಂದ ಅಲ್ಲಿಯವರು ಬಚಾವಾದರು ಎಂದೂ ಓದುಗರಿಗೆ ಅನಿಸಿರಬಹುದು. ನಿಜವಾಗಿ ಆದದ್ದು ಬೇರೆ. ಅದನ್ನು ಕಾಣಬೇಕಾದರೆ ಒಂದು ಲೆಕ್ಕ ಹಾಕಬೇಕು. ಉದಾಹರಣೆಗೆಂದು ಪ್ರಾಥಮಿಕ ಕಾಲುವೆಯ ಅಗಲ 12 ಮೀಟರ್, ದ್ವಿತೀಯದ್ದು 6, ತೃತೀಯದ್ದು 3 ಎಂದಿಟ್ಟುಕೊಳ್ಳೋಣ.

ನಡುವಿನಿಂದ 50 ಮೀಟರ್ ಎಂದರೆ 12 ಮೀಟರ್ ಅಗಲದ ಕಾಲುವೆಯ ಅಂಚಿನಿಂದ 44 ಮೀಟರ್. ಹೊಸ ಆದೇಶದಲ್ಲಿ ಅದು 50. ಅಂಕಿ ಬದಲಾಗದಿದ್ದರೂ ಗೆರೆ ಜಮೀನಿನೊಳಕ್ಕೆ 6 ಮೀಟರ್ ಸರಿಯಿತು. ಕಾಲುವೆ ಇನ್ನೂ ಅಗಲವಾಗಿದ್ದರೆ ಇನ್ನೂ ಹೆಚ್ಚು. ದ್ವಿತೀಯ ಕಾಲುವೆಯಲ್ಲಿ ಹಳೆಯ ಗೆರೆ ಅಂಚಿನಿಂದ 22 ಮೀಟರ್‌ನಲ್ಲಿತ್ತು, ಹೊಸದು 35ಕ್ಕೆ ಹೋಯಿತು, ಅಂದರೆ 13 ಮೀಟರ್ ಹೆಚ್ಚಳ. ತೃತೀಯದಲ್ಲಿ 13.5 ಇದ್ದದ್ದು 25 ಆಗಿ 11.5 ಮೀಟರ್ ಹೆಚ್ಚಾಯಿತು.

ಈಗ ಬೆಂಗಳೂರಿನ ಮಧ್ಯಮ ವರ್ಗದ ಅಳತೆಗೋಲಾದ 30×40 ನಿವೇಶನವನ್ನು ತೆಗೆದುಕೊಳ್ಳಿ. 40 ಅಡಿ ಎಂದರೆ 12.19 ಮೀಟರ್. 2007ರ ನಿಯಮವನ್ನು ಅಕ್ಷರಶಃ ಪಾಲಿಸಿ, ಹಳೆಯ ಗೆರೆ ಮುಗಿದ ಜಾಗದಿಂದಲೇ ಆರಂಭವಾಗಿ ಕಾಲುವೆಯಿಂದ ಆಚೆಗೆ ಉದ್ದ ಚಾಚಿರುವ ನಿವೇಶನ ಅದು ಎಂದುಕೊಳ್ಳಿ. ದ್ವಿತೀಯ ಕಾಲುವೆಯ ಪಕ್ಕದಲ್ಲಿದ್ದರೆ ಅದು 22ರಲ್ಲಿ ಆರಂಭವಾಗಿ 34.19 ಮೀಟರ್‌ನಲ್ಲಿ ಮುಗಿಯುತ್ತದೆ. ಹೊಸ ಗೆರೆ 35ರಲ್ಲಿದೆ. ಇಡೀ ನಿವೇಶನ ಬಫರ್‌ನೊಳಗೆ. ತೃತೀಯ ಕಾಲುವೆಯ ಪಕ್ಕದಲ್ಲಿದ್ದರೆ ಹೊರಗುಳಿಯುವುದು 69 ಸೆಂಟಿಮೀಟರ್ ಪಟ್ಟಿ. ಅಲ್ಲಿ ಒಂದು ತುಳಸಿಕಟ್ಟೆ ಕಟ್ಟಬಹುದೇನೋ. ಪ್ರಾಥಮಿಕ ಕಾಲುವೆಯ ಪಕ್ಕದವನಿಗೆ ಅರ್ಧ ನಿವೇಶನವಾದರೂ ಉಳಿಯುತ್ತದೆ. ಪ್ರವಾಹದ ಅಪಾಯ ಹೆಚ್ಚಿರುವ ದೊಡ್ಡ ಕಾಲುವೆಯ ಬಳಿ ನಿರ್ಬಂಧ ಕಡಿಮೆ ಬಿಗಿಯಾಯಿತು, ಗಲ್ಲಿಗಲ್ಲಿಯಲ್ಲಿ ಹರಿಯುವ ಸಣ್ಣ ಕಾಲುವೆಗಳ ಬಳಿ, ಅಂದರೆ ಸಣ್ಣ ನಿವೇಶನಗಳೇ ಸಾಲುಗಟ್ಟಿರುವಲ್ಲಿ, ಹೆಚ್ಚು ಬಿಗಿಯಾಯಿತು.

ಜಮೀನಿನ ಲೆಕ್ಕದಲ್ಲಿ ನೋಡಿದರೂ ಹಾಗೆಯೇ. ಇದೇ 6 ಮೀಟರ್ ಅಗಲದ ದ್ವಿತೀಯ ಕಾಲುವೆಯ ಪ್ರತಿ ಕಿಲೋಮೀಟರ್‌ಗೆ ಎರಡೂ ದಡ ಸೇರಿ ಹಳೆಯ ಬಫರ್ 4.4 ಹೆಕ್ಟೇರ್, ಸುಮಾರು 11 ಎಕರೆ. ಹೊಸದು 7 ಹೆಕ್ಟೇರ್, ಸುಮಾರು 17 ಎಕರೆ. ಒಂದು ಆದೇಶದ ಒಂದು ವಾಕ್ಯದಿಂದ ಕಿಲೋಮೀಟರಿಗೆ ಆರು ಎಕರೆಯಷ್ಟು ಜಮೀನಿನ ಸ್ಥಿತಿ ಬದಲಾಯಿತು. ಅದರ ಬಹುಪಾಲು ಮಾಲೀಕರು ಆ ಮೊಕದ್ದಮೆಯಲ್ಲಿ ಕಕ್ಷಿದಾರರಾಗಿರಲಿಲ್ಲ. ಅವರನ್ನು ಯಾರೂ ಕರೆದು ಕೇಳಲಿಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಕಟ್ಟಡಕ್ಕೆ ಪರಿಸರ ಅನುಮತಿ ಬೇಕಾಗುವುದೇ 20,000 ಚದರ ಮೀಟರ್ ದಾಟಿದಾಗ. ಆ ಗಾತ್ರದ ಯೋಜನೆಗಳ ಜಗಳದಲ್ಲಿ ಹುಟ್ಟಿದ ಅಳತೆ 1,200 ಚದರ ಅಡಿಯವನ ತಲೆಯ ಮೇಲೆ ಬಂದು ಕೂತಿತು.

ಮೂರು ಬಗೆಯ ಮಾಲೀಕರು

ಕಾಲುವೆ ಪಕ್ಕದ ಆಸ್ತಿಯ ಜಗಳದಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಮೂಟೆ ಕಟ್ಟುವ ಅಭ್ಯಾಸವಿದೆ. ಸುದ್ದಿವಾಹಿನಿಗಳಂತೂ ಎಲ್ಲವನ್ನೂ ಒತ್ತುವರಿ ಎಂದೇ ಕರೆಯುತ್ತವೆ.

ಮೊದಲನೆಯವನು ಕಾಲುವೆಯ ಮೇಲೆಯೇ ಕಟ್ಟಿದವನು. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಕಲಂ 67ರ ಪ್ರಕಾರ ಹಳ್ಳ, ನಾಲೆ, ಕೆರೆಗಳು ಬೇರೆಯವರ ಆಸ್ತಿ ಎಂದು ಸಿದ್ಧವಾಗದ ಹೊರತು ಸರ್ಕಾರದವು. ಪಹಣಿಯಲ್ಲಿ ಬಿ ಖರಾಬು ಎಂದು ತೋರಿಸುವುದು ಇಂಥ ಸಾರ್ವಜನಿಕ ಜಾಗವನ್ನೇ. ಅದರ ಮೇಲೆ ನಿಂತ ಮನೆಗೆ ಖಾತೆ ಇರಲಿ, ತೆರಿಗೆ ರಸೀದಿ ಇರಲಿ, ಬ್ಯಾಂಕ್ ಸಾಲವಿರಲಿ, ಜಮೀನಿನ ಹಕ್ಕು ಹುಟ್ಟುವುದಿಲ್ಲ. ತಹಶೀಲ್ದಾರ್ ಕಲಂ 104ರ ಅಡಿ ತೆರವು ಮಾಡಿಸಬಹುದು.

ಎರಡನೆಯವನ ಜಮೀನು ಸ್ವಂತದ್ದು, ಹಕ್ಕಿನಲ್ಲಿ ದೋಷವಿಲ್ಲ. ಆದರೆ 2007ರ ನಂತರ, ಬಫರ್ ನಿಯಮ ಜಾರಿಯಲ್ಲಿರುವಾಗಲೇ ಅದರೊಳಗೆ ಕಟ್ಟಿದ. ಇವನು ನಿಯಮ ಮುರಿದವನೇ ಹೊರತು ಸರ್ಕಾರದ ಜಮೀನು ನುಂಗಿದವನಲ್ಲ.

ಮೂರನೆಯವನು ತಾನು ಕಟ್ಟಿದ ದಿನ ಜಾರಿಯಲ್ಲಿದ್ದ ಎಲ್ಲ ನಿಯಮವನ್ನೂ ಪಾಲಿಸಿದ. ಆಮೇಲೆ ಗೆರೆಯೇ ಬಂದು ಅವನ ಮನೆಯನ್ನು ದಾಟಿತು. ಈ ಅಧ್ಯಯನದ ನಿಜವಾದ ವಸ್ತು ಇವನು.

2016ರ ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿ ಮತ್ತು ಸುತ್ತಲಿನ ಬಡಾವಣೆಗಳು ಮುಳುಗಿದವು. ಆಗಸ್ಟ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿಯ ಯಂತ್ರಗಳು ಅವನಿ ಶೃಂಗೇರಿ ನಗರ, ಕಸವನಹಳ್ಳಿ ಮುಂತಾದ ಕಡೆ ಮನೆಗಳನ್ನು ಕೆಡವಿದವು. ಆ ತೆರವು ನಡೆದದ್ದು ಹಳೆಯ ಗ್ರಾಮ ನಕ್ಷೆಯ ಪ್ರಕಾರ ಕಾಲುವೆಯ ಮೇಲೆಯೇ ಇವೆ ಎನ್ನಲಾದ ಕಟ್ಟಡಗಳದ್ದು, ಮೊದಲ ಬಗೆಯದ್ದು. ಆದರೆ ಮೇ ತಿಂಗಳ ಆದೇಶದ ಬೆನ್ನಿಗೇ ಅದು ನಡೆದುದರಿಂದ ಬಫರ್‌ನೊಳಗಿರುವ ಎಲ್ಲ ಮನೆಗಳಿಗೂ ಮುಂದಿನ ಸರದಿ ಎಂಬ ಭಯ ಹಬ್ಬಿತು. ಮಂಜೂರಾದ ನಕ್ಷೆ, ನೋಂದಾಯಿತ ಕ್ರಯಪತ್ರ, ಖಾತೆಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದವರ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಮೊದಲ ಬಗೆಯಲ್ಲೂ ಮೋಸ ಹೋದ ಖರೀದಿದಾರರೇ ಹೆಚ್ಚು ಎಂಬುದು ಬೇರೆಯೇ ದುಃಖ. ಬಡಾವಣೆ ಮಾಡಿ ಹಣ ಎಣಿಸಿಕೊಂಡವನು ಯಂತ್ರ ಬರುವ ದಿನ ಅಲ್ಲಿರುವುದಿಲ್ಲ.

ಮೂರನೆಯವನ ಮನೆಯನ್ನು ಯಾರೂ ಕೆಡವಲಿಲ್ಲ. ಅವನ ಕಷ್ಟ ಕಣ್ಣಿಗೆ ಬೀಳದ ಬಗೆಯದು. ಮಹಡಿ ಏರಿಸಲು ನಕ್ಷೆ ಮಂಜೂರಾತಿ ಕೇಳಿದರೆ ಜಾಗ ನಿರ್ಮಾಣ ನಿಷೇಧ ವಲಯ. ಮಂಜೂರಾತಿಯ ಪ್ರಶ್ನೆಯಲ್ಲಿ ಕಾನೂನು ಅವನ ಕೈಹಿಡಿಯುವುದಿಲ್ಲ. ಹೌರಾ ಮಹಾನಗರ ಪಾಲಿಕೆ ಮತ್ತು ಗ್ಯಾಂಜಸ್ ರೋಪ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ನಿಯಮದ ಮೇಲೆ ಹಕ್ಕು ಹುಟ್ಟುವುದಿಲ್ಲ, ಮಂಜೂರಾತಿ ಕೊಡುವ ದಿನ ಜಾರಿಯಲ್ಲಿರುವ ನಿಯಮವೇ ಲೆಕ್ಕಕ್ಕೆ. ಖಾಲಿ ನಿವೇಶನದವನ ಸ್ಥಿತಿ ಇನ್ನೂ ಕೆಟ್ಟದ್ದು. ಕಟ್ಟಿದವನಿಗೆ ವಾಸಕ್ಕೆ ಮನೆಯಾದರೂ ಇದೆ. ಕೊಂಡು, ಹಣ ಕೂಡಿಸುತ್ತಾ ಕಾದವನಿಗೆ ತೆರಿಗೆ ಕಟ್ಟುವ ಹೊಣೆ ಉಳಿಯಿತು, ಕಟ್ಟುವ ಅವಕಾಶ ಹೋಯಿತು. ಅಕ್ರಮ–ಸಕ್ರಮದ ಬಾಗಿಲೂ ಅವನಿಗಲ್ಲ, ಏಕೆಂದರೆ ಅವನು ಅಕ್ರಮವನ್ನೇ ಮಾಡಿಲ್ಲ.

ಪರಿಹಾರ ಏಕಿಲ್ಲ

ಜಮೀನು ಬಳಸಲಾಗದಂತೆ ಮಾಡಿದ ಮೇಲೆ ಸರ್ಕಾರ ಅದನ್ನು ಕೊಂಡುಕೊಳ್ಳಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಕಲಂ 69ರಲ್ಲಿ ಇದಕ್ಕೆ ಹತ್ತಿರದ ಒಂದು ವ್ಯವಸ್ಥೆಯಿದೆ. ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಖಾಸಗಿ ಜಮೀನನ್ನು 5 ವರ್ಷದೊಳಗೆ ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಆರಂಭಿಸದಿದ್ದರೆ ಆ ಗುರುತು ರದ್ದಾದಂತೆ. ಉದ್ಯಾನಕ್ಕೆ ಮೀಸಲಿಟ್ಟು ದಶಕಗಟ್ಟಲೆ ಸುಮ್ಮನಿರುವ ಪ್ರಾಧಿಕಾರಗಳಿಂದ ಮಾಲೀಕನನ್ನು ಕಾಪಾಡುವ ನಿಯಮ ಇದು.

ಬಫರ್ ಈ ಚೌಕಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ಯಾರೂ ಜಮೀನನ್ನು ತೆಗೆದುಕೊಳ್ಳುತ್ತಿಲ್ಲ. ಪಹಣಿಯಲ್ಲಿ ಹೆಸರು ಮಾಲೀಕನದೇ, ಬೇಲಿಯೂ ಅವನದೇ. ಕಟ್ಟಬೇಡ ಎಂಬುದಷ್ಟೇ ನಿರ್ಬಂಧ. ಮುಂಭಾಗದಲ್ಲಿ ಇಂತಿಷ್ಟು ಜಾಗ ಬಿಡು ಎನ್ನುವ ಸೆಟ್‌ಬ್ಯಾಕ್ ನಿಯಮಕ್ಕೆ ಯಾರೂ ಪರಿಹಾರ ಕೇಳುವುದಿಲ್ಲ, ಬಫರ್ ಕೂಡ ಅದೇ ಜಾತಿಯ ನಿಯಂತ್ರಣ ಎಂಬುದು ಸರ್ಕಾರಿ ವಾದದ ತಿರುಳು. ಎಕರೆಗಟ್ಟಲೆ ಜಮೀನಿರುವವನ ಮಟ್ಟಿಗೆ ಈ ವಾದ ಸರಿ. ಅವನು ಕಾಲುವೆ ಬದಿಯ ಪಟ್ಟಿಯನ್ನು ತೋಟ ಮಾಡಿ ಉಳಿದದ್ದರಲ್ಲಿ ಕಟ್ಟಬಲ್ಲ. ನಿವೇಶನ ಪೂರ್ತಿ ಬಫರ್‌ನೊಳಗೆ ಬಿದ್ದವನಿಗೆ ಇದೇ ಮಾತು ಹೇಳುವುದು ಕ್ರೂರ. 100ರಲ್ಲಿ 20 ಪಾಲನ್ನು ನಿರ್ಬಂಧಿಸುವುದು ನಿಯಂತ್ರಣ. 100ಕ್ಕೆ 100ನ್ನೂ ನಿರ್ಬಂಧಿಸಿದಾಗ ಸಂವಿಧಾನದ 300ಎ ವಿಧಿ ಕಾಪಾಡುವ ಆಸ್ತಿಯಲ್ಲಿ ಕಾಗದವಲ್ಲದೆ ಇನ್ನೇನು ಉಳಿಯುತ್ತದೆ? ನಿಯಮ ರೂಪಿಸುವವರು ಎಷ್ಟು ಮೀಟರ್ ಎಂದು ಜಗಳವಾಡಿದಷ್ಟು, ಒಂದು ನಿವೇಶನದ ಎಷ್ಟು ಪಾಲು ಎಂದು ಯೋಚಿಸಲೇ ಇಲ್ಲ.

ಇನ್ನೊಂದು ಮಾತು. ಹರಿಯುವ ತೊರೆಯ ಪಕ್ಕ ಬಿಟ್ಟ ಹಸಿರು ಪಟ್ಟಿ ನೀರನ್ನು ಇಂಗಿಸುತ್ತದೆ, ಮಣ್ಣನ್ನು ಹಿಡಿಯುತ್ತದೆ, ಕೊಳೆಯನ್ನು ಸೋಸುತ್ತದೆ. ಬೆಂಗಳೂರಿನ ಎಷ್ಟೋ ಕಾಲುವೆಗಳಿಗೆ ಎರಡೂ ಬದಿ ಕಾಂಕ್ರೀಟ್ ಗೋಡೆ ಎಬ್ಬಿಸಲಾಗಿದೆ. ಗೋಡೆಯಾಚೆಯ ಹುಲ್ಲಿಗೂ ಗೋಡೆಯೀಚೆಯ ನೀರಿಗೂ ಸಂಬಂಧವೇ ಇಲ್ಲ. ಅಲ್ಲಿ ಬಫರ್ ಹೂಳೆತ್ತುವ ಯಂತ್ರ ಓಡಾಡಲು, ಉಕ್ಕಿದ ನೀರು ನಿಲ್ಲಲು ಉಪಯೋಗವಾದೀತು. ಅದೂ ಮುಖ್ಯವೇ. ಆದರೆ ಅದಕ್ಕೆ ಎಷ್ಟು ಅಗಲ ಬೇಕು ಎಂಬುದು ಆಯಾ ಕಾಲುವೆಯ ಇಳಿಜಾರು, ಜಲಾನಯನದ ವಿಸ್ತೀರ್ಣ, ಮಳೆಯ ಪ್ರಮಾಣದಿಂದ ಲೆಕ್ಕ ಹಾಕಿ ಹೇಳಬೇಕಾದ ಸಂಗತಿ. 25, 35, 50 ಎಂಬ ದುಂಡು ಸಂಖ್ಯೆಗಳು ಅದನ್ನು ಹೇಳುವುದಿಲ್ಲ. ಕಾಲುವೆಯನ್ನು ಗೋಡೆಯಲ್ಲಿ ಬಂಧಿಸಿದ ಅದೇ ಆಡಳಿತ ಪಕ್ಕದವನ ಜಮೀನಿನಲ್ಲಿ ಪ್ರಕೃತಿಯನ್ನು ಹುಡುಕುವುದು ವಿಚಿತ್ರ.

ಗೆರೆ ಎಲ್ಲಿದೆ ಎಂದು ಯಾರು ಹೇಳಬೇಕು

ಮೀಟರ್‌ಗಳ ಜಗಳಕ್ಕೆ ಮೊದಲು ಕಾಲುವೆ ಎಲ್ಲಿದೆ ಎಂಬ ಜಗಳ ಇತ್ಯರ್ಥವಾಗಬೇಕು. ಅದು ಕೇಳುವಷ್ಟು ಸುಲಭವಲ್ಲ. ನಮ್ಮ ಗ್ರಾಮ ನಕ್ಷೆಗಳ ಸಾಮಾನ್ಯ ಅಳತೆ 1:7920, ಅಂದರೆ ಕಾಗದದ ಒಂದು ಇಂಚಿಗೆ ನೆಲದ 660 ಅಡಿ, ಹತ್ತು ಸರಪಳಿ. ಕಾಗದದ ಒಂದು ಮಿಲಿಮೀಟರ್ ನೆಲದಲ್ಲಿ 7.92 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್ ಆಯಿತು. 15 ಮೀಟರ್ ಬಫರ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗೆರೆಯ ದಪ್ಪಕ್ಕೇ ಹೋಗುತ್ತದೆ. ಇಂಥ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ, ನಿಮ್ಮ ಅಡುಗೆಮನೆ ಬಫರ್‌ನಲ್ಲಿದೆ, ಹಾಲ್ ಹೊರಗಿದೆ ಎಂದು ಹೇಳುವುದು ಹಾಸ್ಯಾಸ್ಪದ. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲ್‌ನಲ್ಲಿ ಸರ್ವೆ ನಂಬರ್ ತೋರಿಸುತ್ತದೆ, ಕೊಳ್ಳುವ ಮುನ್ನ ಅಂದಾಜಿಗೆ ಅದು ಒಳ್ಳೆಯದು. ಅಂದಾಜಿಗೆ ಮಾತ್ರ.

ಮಾಲೀಕನ ಪಾಲಿಗೆ ಇದಕ್ಕಿಂತ ಗಟ್ಟಿಯಾದದ್ದು ಸರ್ವೆ ಟಿಪ್ಪಣಿ. ಅದರಲ್ಲಿ ಹೊಲದ ಅಳತೆ ಸರಪಳಿ ಲೆಕ್ಕದಲ್ಲಿ ಅಂಕಿಯಾಗಿ ಬರೆದಿರುತ್ತದೆ, ಗೆರೆಯ ದಪ್ಪದ ಸಮಸ್ಯೆ ಇಲ್ಲ. ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ ಮೂರನ್ನೂ ಪಡೆದು ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ, ಸರ್ಕಾರಿ ಭೂಮಾಪಕರಿಂದ ಅಕ್ಕಪಕ್ಕದವರ ಸಮಕ್ಷಮ ಅಳೆಸಿಕೊಂಡವನ ವಾದಕ್ಕೆ ಬೆಲೆ ಬರುತ್ತದೆ. ಕಾಲುವೆಯನ್ನು ಯಾರೋ ಹಿಂದೆಯೇ ತಿರುಗಿಸಿದ್ದರೆ ಸಂಕಟ ಇಮ್ಮಡಿ. ದಾಖಲೆಯ ಕಾಲುವೆ ಒಂದು ಕಡೆ, ನೀರು ಹರಿಯುವ ಕಾಲುವೆ ಇನ್ನೊಂದು ಕಡೆ. ಆಗ ನಡುವೆ ಸಿಕ್ಕವನಿಗೆ ಎರಡೂ ಕಡೆಯಿಂದ ಬಫರ್ ಎಂದು ಹೇಳುವ ಅಧಿಕಾರಿಯೂ ಸಿಗಬಹುದು.

ತೀರ್ಪು ಮತ್ತು ಆಮೇಲೆ

ಮಂತ್ರಿ ಟೆಕ್‌ಜೋನ್ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬಫರ್ ಹೆಚ್ಚಾಯಿತು ಎಂದಲ್ಲ. ಮಹಾಯೋಜನೆ ಮತ್ತು ಅದರ ವಲಯ ನಿಯಮಾವಳಿ ಶಾಸನದ ಬಲವುಳ್ಳವು. ಅವುಗಳನ್ನು ತಿದ್ದುವ ಅಧಿಕಾರ ಹಸಿರು ನ್ಯಾಯಮಂಡಳಿಗಿಲ್ಲ ಎಂದಿತು. ನಗರಕ್ಕೆಲ್ಲ ಅನ್ವಯಿಸಿದ ಬಫರ್ ಷರತ್ತು ರದ್ದಾಯಿತು, 2007ರ ಅಳತೆ ಮರಳಿತು. ಆದರೆ ಆ ಎರಡು ಯೋಜನೆಗಳಿಗೆ ತಮ್ಮ ವಿರುದ್ಧದ ನಿರ್ದೇಶನಗಳಿಂದ ಬಿಡುಗಡೆ ಸಿಗಲಿಲ್ಲ.

ಈ ತರ್ಕದಲ್ಲಿ ಮಾಲೀಕನಿಗೆ ಒಂದು ಮುಖ್ಯ ರಕ್ಷಣೆಯಿದೆ. ಮಹಾಯೋಜನೆ ಬದಲಾಗಬೇಕಾದರೆ ಕರಡು ಪ್ರಕಟವಾಗಬೇಕು, ಜನ ಆಕ್ಷೇಪಣೆ ಸಲ್ಲಿಸಬೇಕು, ಸರ್ಕಾರ ಅನುಮೋದಿಸಬೇಕು. ಆ ದಾರಿಯಲ್ಲಿ 35 ಮೀಟರ್ ಬಂದರೂ ಬರಲಿ, ಕೊನೆಯ ಪಕ್ಷ ಒಂದು ಅರ್ಜಿ ಕೊಡಲು ಜಾಗವಿರುತ್ತದೆ. ಪರಿಸರದ ಪರವಾಗಿ ಹೋರಾಡಿದ ಕೆಲವರು ಈ ತೀರ್ಪನ್ನು ಬಿಲ್ಡರ್‌ಗಳ ಗೆಲುವೆಂದು ಬಗೆದರು. ನನಗೆ ಹಾಗನ್ನಿಸುವುದಿಲ್ಲ. ಹೊಸ ಕರಡಿನಲ್ಲಿ ಹೆಚ್ಚಿನ ಬಫರ್ ತರಲು ಯಾವ ಕೋರ್ಟೂ ಸರ್ಕಾರವನ್ನು ತಡೆದಿರಲಿಲ್ಲ. ಪರಿಷ್ಕೃತ ಮಹಾಯೋಜನೆ 2031ರ ಕರಡು 2017ರಲ್ಲಿ ಹೊರಬಂದು 2020ರಲ್ಲಿ ವಾಪಸಾಯಿತು. 2007ರ ನಿಯಮಾವಳಿಯೇ ತೇಪೆ ಹಾಕಿಸಿಕೊಳ್ಳುತ್ತಾ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ನೀರು ನುಗ್ಗಿದಾಗ ತೆರವಿನ ಯಂತ್ರಗಳು ಮತ್ತೆ ಬೀದಿಗಿಳಿದವು, ಮತ್ತೆ ಅದೇ ಗ್ರಾಮ ನಕ್ಷೆಗಳೊಡನೆ.

2016ರಿಂದ 2019ರವರೆಗೆ ಮಂಜೂರಾತಿ ಸಿಗದೆ ಕಾದವರು ತೀರ್ಪಿನ ನಂತರ ಹೊಸದಾಗಿ ಅರ್ಜಿ ಹಾಕಬಹುದಾಗಿತ್ತು. ಅಷ್ಟರಲ್ಲಿ ಕಟ್ಟಡ ಸಾಮಗ್ರಿಯ ಬೆಲೆ ಏರಿತ್ತು, ಕೆಲವರು ಸಿಕ್ಕ ಬೆಲೆಗೆ ಮಾರಿಕೊಂಡಿದ್ದರು. ಕಡಿಮೆ ಬೆಲೆಗೆ ಮಾರಿದವನಿಗೆ ಗೆರೆ ಹಿಂದೆ ಸರಿದದ್ದರಿಂದ ಏನೂ ಬರಲಿಲ್ಲ, ಕೊಂಡವನಿಗೆ ಬಂತು.

ಇನ್ನು 2007ಕ್ಕಿಂತ ಮೊದಲು ಕಟ್ಟಿದ, 15 ಅಥವಾ 25 ಮೀಟರ್‌ನ ಹಳೆಯ ಗೆರೆಯೊಳಗೇ ಇರುವ ಮನೆಗಳು. ಇವುಗಳ ಮೇಲೆ 2019ರ ತೀರ್ಪು ಯಾವ ಪರಿಣಾಮವನ್ನೂ ಬೀರಲಿಲ್ಲ. ನಿಯಮ ಬರುವ ಮೊದಲೇ ಕಾನೂನುಬದ್ಧವಾಗಿ ಇದ್ದ ಬಳಕೆಯನ್ನು ಹೊಸ ವಲಯ ನಿಯಮ ನಿಷೇಧಿಸುವುದಿಲ್ಲ ಎಂಬುದು ಯೋಜನಾ ಕಾನೂನಿನ ಸಾಮಾನ್ಯ ತತ್ವ. ವಾಸಕ್ಕೆ ಅದು ಸಾಕು, ಮನೆಯ ಆಯಸ್ಸು ಮುಗಿದಾಗ ಸಾಲದು. ಗೋಡೆಗೆ ಗಾರೆ ಬಳಿಯಬಹುದು, ಸೂರು ಬದಲಿಸಬಹುದು. ಕಂಬವೇ ಶಿಥಿಲವಾಗಿ ಕೆಡವಿ ಕಟ್ಟಬೇಕಾಗಿ ಬಂದರೆ ಅದು ಹೊಸ ನಿರ್ಮಾಣ, ಹೊಸ ನಿರ್ಮಾಣಕ್ಕೆ ಬಫರ್‌ನಲ್ಲಿ ಮಂಜೂರಾತಿಯಿಲ್ಲ. ಹಳೆಯ ತಳಪಾಯದಷ್ಟೇ ವಿಸ್ತೀರ್ಣದಲ್ಲಿ, ನೆಲಮಟ್ಟ ಏರಿಸಿ, ಕಾಲುವೆಯ ಕಡೆಯ ಗೋಡೆಯನ್ನು ಹಿಂದೆ ಸರಿಸಿ ಮತ್ತೆ ಕಟ್ಟಲು ಬಿಡುತ್ತೀರಾ, ಇಲ್ಲವೇ ಮಾರುಕಟ್ಟೆ ಬೆಲೆ ಕೊಟ್ಟು ಕೊಂಡುಕೊಳ್ಳುತ್ತೀರಾ ಎಂಬ ನೇರ ಪ್ರಶ್ನೆಗೆ ನೇರ ಉತ್ತರ ಕೊಡುವ ಕಲಂ ಮುಂದಿನ ಮಹಾಯೋಜನೆಯಲ್ಲಿ ಬರದಿದ್ದರೆ, ಈ ಮಾಲೀಕರು ಮಾಡುವುದು ಗೊತ್ತೇ ಇದೆ: ದುರಸ್ತಿಯ ಹೆಸರಿನಲ್ಲಿ ಒಂದೊಂದೇ ಗೋಡೆಯನ್ನು ಕೆಡವಿ, ಇಂಜಿನಿಯರನ ಸಲಹೆಯಿಲ್ಲದೆ, ಕಾಲುವೆಗೆ ಇನ್ನಷ್ಟು ಹತ್ತಿರವಾಗಿ ಕಟ್ಟಿಕೊಳ್ಳುತ್ತಾರೆ.